ಸುಣ್ಣದ ಗೆರೆಯ ಮೇಲೆ

೧೯೧೦ನೇ ಇಸವಿ ನವೆಂಬರ್ ಹನ್ನೆರಡು, ಶನಿವಾರ, ಮಧ್ಯಾಹ್ನ ಮೂರು ಗಂಟೆ ಮೂವತ್ತೊಂದು ನಿಮಿಷ, ಎದುರು ಗೋಲಿನಾಚೆಯ ಗಿರಣಿ ಗೋಪುರದಲ್ಲಿ ಗಡಿಯಾರದ ಮುಳ್ಳು ಅಷ್ಟಕ್ಕೆ ನಿಂತಂತೆ ಕಾಣುತ್ತಿದೆ, ಓಲುಫ್‌ನ ಎಡಗಣ್ಣಿಗೆ ಮಾತ್ರ, ಬಲಗಣ್ಣಿನಲ್ಲಿ ಗೋಲು ಗೆರೆಯ ಸುಣ್ಣ ಉರಿಯುತ್ತಿದೆ, ಕಣ್ಣಿಗೆ ಸುಣ್ಣ ಬಿದ್ದರೆ ಕಾಲು ಗಂಟೆ ಬಿಡದೆ ನೀರು ಹಾಕಬೇಕು ಎಂದು ಬಣ್ಣದ ಕಾರ್ಖಾನೆಯ ಪ್ರಯೋಗಶಾಲೆಯ ಗೋಡೆಗೆ ಬರೆದು ಅಂಟಿಸಿದವನೇ ಅವನು, ಇಲ್ಲಿ ಹನ್ನೊಂದು ಜನರ ಮುಖಕ್ಕೂ ಒಂದೇ ಸ್ಪಂಜು, ಅದನ್ನೊತ್ತಿ, ಸರಿಹೋಯ್ತು ಬಿಡಯ್ಯಾ ಅಂದರು, ಸರಿಹೋಗಿಲ್ಲ, ಉಸಿರೆಳೆದರೆ ಎಡಗಡೆಯ ಪಕ್ಕೆಲುಬು ಒಳಗೆ ಚುಚ್ಚುತ್ತದೆ, ಬೆರಳಿಟ್ಟು ಎಣಿಸಿದ್ದಾನೆ, ಏಳನೆಯದು — ಬೆನ್ನ ಹಿಂದೆ ಎಂಟು ಸಾವಿರ ಟೋಪಿಗಳು, ಅವನದೇ ತಂಡದ ಇಂಗ್ಲಿಷ್ ಊರಿನವರು, ಲೋ ಡೇನ್, ಅದು ಚೆಂಡು ಕಣೋ, ನಿಮ್ಮೂರ ಬೆಣ್ಣೆ ಡಬ್ಬಿ ಅಲ್ಲ, ಎದೆಗೊತ್ಕೊಂಡು ಮುದ್ದು ಮಾಡ್ಬೇಡ, ಮೂರು ಪಂದ್ಯಗಳಿಂದ ಇದೇ, ಡೆನ್ಮಾರ್ಕಿನಿಂದ ಬೆಣ್ಣೆ ಬರುತ್ತದೆ, ಹಂದಿಮಾಂಸ ಬರುತ್ತದೆ, ಗೋಲ್‌ಕೀಪರ್ ಬರುವುದು ಯಾರಿಗೂ ಬೇಕಿಲ್ಲ, ಡೇನ್, ಡೆನ್ಮಾರ್ಕಿನವನು, ಅಷ್ಟೇ, ಓಲುಫ್ ಎಂದು ಒಬ್ಬನೂ ಕರೆದಿಲ್ಲ, ನಾಲ್ಕು ಪಂದ್ಯ ಅಂದಿದ್ದರು ಕ್ಲಬ್ಬಿನ ಕಾರ್ಯದರ್ಶಿ, ನಾಲ್ಕರಲ್ಲಿ ಊರು ನಿನ್ನ ಒಪ್ಕೊಂಡ್ರೆ ನೀನು ನಮ್ಮ ಕೀಪರ್, ಇಲ್ಲಾಂದ್ರೆ ಹೊರದೇಶದವನ್ನ ತಂದು ನಿಲ್ಲಿಸಿದ ಹುಚ್ಚ ಅಂತ ನನ್ನನ್ನೂ ಓಡಿಸ್ತಾರೆ, ಇದು ನಾಲ್ಕನೆಯದು, ನೋವೆಂದು ಹೊರಗೆ ನಡೆದರೆ ಬದಲಿಗೆ ಯಾರೂ ಇಳಿಯುವಂತಿಲ್ಲ, ತಂಡ ಹತ್ತೇ ಜನರದು, ಪಕ್ಕೆ ಹಿಡಿದುಕೊಂಡು ಹೊರಟ ಡೇನ್ ಎಂದು ಇನ್ನು ಇಪ್ಪತ್ತು ವರ್ಷ ಹೇಳಿಕೊಂಡು ನಗುತ್ತಾರೆ — ಅಲ್ಲೇ, ಆ ಎದುರು ಗೋಲಿನಲ್ಲೇ, ಮೊದಲರ್ಧದ ಮೂವತ್ತೆಂಟನೆಯ ನಿಮಿಷ, ಚೆಂಡು ಬಂತು, ಹಿಡಿದ, ನಿಂತ. ನಿಲ್ಲಬಾರದಿತ್ತು. ಅವನ ಊರು ಆರ್ಹುಸಿನ ಬಂದರಿನ ಹಿಂದೆ, ಕಡಲ ಗಾಳಿಯ ಹುಲ್ಲಿನಲ್ಲಿ, ಕೀಪರ್ ಚೆಂಡು ಹಿಡಿದನೆಂದರೆ ಎಲ್ಲರೂ ಹಿಂದೆ ಸರಿಯುತ್ತಿದ್ದರು, ಹಿಡಿ, ಒಂದುಸಿರು ನಿಲ್ಲು, ಯಾರಿಗೆ ಕೊಡಬೇಕೋ ನೋಡು, ಹನ್ನೆರಡು ವರ್ಷ ರೂಢಿಯಾದ ಆ ಒಂದುಸಿರು, ಇಲ್ಲಿ ಚೆಂಡು ಹಿಡಿದ ಕೀಪರನ್ನು ಭುಜ ಕೊಟ್ಟು ಚೆಂಡಿನ ಸಮೇತ ಬಲೆಗೆ ನೂಕಬಹುದು, ನಿಯಮವೇ ಹಾಗಿದೆ, ಓದಿದ್ದಾನೆ, ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ, ಟನಿಕ್ಲಿಫ್ ಬಂದ, ಎದುರು ತಂಡದ ಮುಂಚೂಣಿ ಆಟಗಾರ, ಗಣಿಯಲ್ಲಿ ಕಲ್ಲಿದ್ದಲು ಒಡೆಯುವವನು, ತೊಂಬತ್ತು ಕಿಲೋ ಓಡಿ ಬಂದು ಪಕ್ಕೆಯ ಮೇಲೆ ನಿಂತಿತು, ಒಳಗೆ ಏನೋ ಲಟಕ್ಕೆಂದಿತು, ಮುಖ ಸುಣ್ಣದ ಗೆರೆಗೆ ಉಜ್ಜಿತು, ಬಾಯೊಳಗೆ ಸುಣ್ಣ ಮತ್ತು ರಕ್ತ, ಚೆಂಡು ಗೆರೆಯಾಚೆ, ಗೋಲು — ಆಮೇಲೆ ಆ ಕೈ, ಮುಂದಿನ ಎರಡು ಹಲ್ಲಿಲ್ಲದ ನಗು ಹೊತ್ತು ಬಾಗಿ ಟನಿಕ್ಲಿಫ್ ಚಾಚಿದ ಕೈ, ಬೇಜಾರಿಲ್ಲ ತಾನೆ, ಡೇನಪ್ಪಾ? ಎಲುಬು ಮುರಿದವನೇ ಕೈ ಕುಲುಕಲು ಬರುತ್ತಾನೆ, ಬಂದರಿನ ಕುಡುಕರೂ ಹೀಗೆ ಅಣಕಿಸುವುದಿಲ್ಲ, ಓಲುಫ್ ಆ ಅಂಗೈಗೆ ಉಗುಳಿದ, ಉಗುಳು ಕೆಂಪಗಿತ್ತು.

ಥೂ, ಏನಯ್ಯಾ ಮಾಡ್ದೆ, ವಿರಾಮದಲ್ಲಿ ಕ್ಲೆಗ್ ಹೇಳಿದ, ತಂಡದ ನಾಯಕ, ಓಲುಫ್‌ನ ಮುಂದೆಯೇ ನಿಂತು ಆಡುವವನು, ಕೈ ಕೊಟ್ರೆ ತಗೋಬೇಕಪ್ಪಾ, ಇಲ್ಲಿ ಗುದ್ದೋದು, ಕೈ ಕೊಡೋದು, ಸಂಜೆ ಒಟ್ಟಿಗೆ ಬಿಯರ್ ಕುಡಿಯೋದು, ಅವನು ಅಣಕಿಸಿದ್ದಲ್ಲ, ಮರ್ಯಾದೆ ಕೊಟ್ಟದ್ದು, ಓಲುಫ್ ನಂಬಲಿಲ್ಲ, ಈಗಲೂ ಇಲ್ಲ, ಕ್ಲೆಗ್ ಎಂದಾದರೂ ಅವನ ಮಾತು ನಂಬಿದ್ದಾನೆಯೇ, ಗೋಲಿನ ಅಗಲ ಏಳು ಮೀಟರ್ ಮೂವತ್ತೆರಡು ಅಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು, ಎಂಟು ಗಜ ಅನ್ನಯ್ಯಾ, ಮನುಷ್ಯರ ಹಾಗೆ ಅಳೆಯೋದು ಕಲಿ — ನೋಡು, ಇನ್ನೊಂದ್ಸಲ ಬಂದ್ರೆ ಮುಷ್ಟಿಯಿಂದ ಗುದ್ದಿ ಕಳಿಸು, ಇಲ್ಲ ಹಿಡೀಲೇಬೇಕು ಅಂದ್ರೆ ಬೂಟು ಮುಂದಿಟ್ಟು ಹಾರು, ರೆಫರಿ ಚೆಂಡು ನೋಡ್ತಾನೆ, ಕಾಲು ನೋಡಲ್ಲ — ಬೂಟಿನಡಿ ಕೆಸರಲ್ಲಿ ಜಾರದಿರಲು ಆರು ತೊಗಲ ಗುಬುಟು, ಒಂದೊಂದಕ್ಕೆ ಮೂರು ಮೊಳೆ, ಎಡಬೂಟಿನಲ್ಲಿ ಎರಡು ಮೊಳೆ ತಲೆ ಎತ್ತಿವೆ, ಬೆರಳಾಡಿಸಿ ನೋಡಿದ್ದ, ಸುತ್ತಿಗೆ ಕೇಳಲಿಲ್ಲ, ಯಾಕೆ ಕೇಳಲಿಲ್ಲ — ಈಗ ಮೂಲೆಯಿಂದ ಒದೆತ, ಚೆಂಡು ಮೇಲೇರುತ್ತಿದೆ, ನೀರು ಕುಡಿದು ಕಲ್ಲಾದ ಚೆಂಡು, ಅದರ ಕೆಳಗೆ ಕೆಸರು ಚಿಮ್ಮಿಸುತ್ತ ಟನಿಕ್ಲಿಫ್, ಬಂದೇ ಡೇನಪ್ಪಾ, ಬಂದೇ, ನಗುತ್ತಿದ್ದಾನೆ, ಬಲಗೈ ಎತ್ತಬಲ್ಲೆ, ಗುದ್ದಿ ಕಳಿಸಬಲ್ಲೆ, ಸಮಯವಿದೆ, ಒಂದುಸಿರು ಪೂರ್ತಿ ಇದೆ, ಆ ಒಂದುಸಿರಿನಲ್ಲಿ ಓಲುಫ್ ನೋಡುತ್ತಾನೆ, ಯಾರಿಗೆ ಕೊಡಬೇಕೋ ನೋಡುತ್ತಾನೆ, ಕೆಸರಿನಲ್ಲಿ ಊರಿ ನಿಂತ ಆ ಬಲಗಾಲು, ಹಾರುತ್ತಾನೆ, ಚೆಂಡು ಎರಡೂ ಕೈಗೆ ಸಿಗುತ್ತದೆ, ಪಕ್ಕೆ ಹರಿಯುತ್ತದೆ, ಎಡಬೂಟನ್ನು ಪೂರ್ತಿ ನೀಡಿ ಮೈಭಾರವನ್ನೆಲ್ಲ ಅದರ ಮೇಲೆ ಬಿಡುತ್ತಾನೆ — ದಪ್ಪ ಗಾಜಿನ ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿ ಮುರಿದ ಸದ್ದು, ಅಂಥದನ್ನು ಎಷ್ಟು ಸಲ ಮುರಿದಿದ್ದಾನೆ, ಕೈಗೆ ಗೊತ್ತಿರುವ ಸದ್ದು, ಈಗ ಕಾಲಿಗೆ — ಚೆಂಡು ಬಿಡಲಿಲ್ಲ, ಬಿದ್ದರೂ ಬಿಡಲಿಲ್ಲ, ರೆಫರಿ ಚೆಂಡನ್ನೇ ನೋಡಿದ್ದಾನೆ, ಹಿಂದಿನಿಂದ ಒಂದು ಗಂಟಲು, ಶಹಬಾಸ್ ಓಲುಫ್, ಆಮೇಲೆ ನೂರು, ಆಮೇಲೆ ಎಂಟು ಸಾವಿರ, ಓಲುಫ್, ಓಲುಫ್, ನಮ್ಮ ಓಲುಫ್, ಕ್ಲೆಗ್ ಅವನ ಬೆನ್ನಿಗೆ ಬಡಿಯುತ್ತಿದ್ದಾನೆ, ಈಗ ನೀನು ನಮ್ಮೋನಪ್ಪಾ, ಬೇಕಾಗಿದ್ದದ್ದು ಇದೇ, ನಾಲ್ಕು ಪಂದ್ಯಗಳಿಂದ ಕಾದದ್ದು ಇದೇ, ಕೆಳಗೆ ಬೂದಿಬಣ್ಣದ ಮುಖ, ಹಲ್ಲಿಲ್ಲದ ಜಾಗದಿಂದ ಉಸಿರು ಸೀಟಿಯಂತೆ, ಟನಿಕ್ಲಿಫ್ ಕೈ ಚಾಚುತ್ತಾನೆ, ಬೇಜಾರಿಲ್ಲ, ಡೇನಪ್ಪಾ, ನಗು ಇಲ್ಲ, ಅಣಕವಿಲ್ಲ, ಆಗಲೂ ಇರಲಿಲ್ಲ, ಕೈ ಚಾಚಿಯೇ ಇದೆ, ತೆಗೆದುಕೊಳ್ಳಬೇಕು, ಓಲುಫ್‌ನ ಎರಡೂ ಕೈಗಳು ಚೆಂಡಿಗೆ ಅಂಟಿಕೊಂಡಿವೆ, ಟನಿಕ್ಲಿಫ್‌ನ ಕಪ್ಪು ಕಾಲುಚೀಲದ ಮೇಲೆ ಏನೋ ಬಿಳಿ, ಸುಣ್ಣ, ಗೆರೆಯ ಸುಣ್ಣ ಮೆತ್ತಿದೆ, ಅಷ್ಟೇ, ಆದರೆ ಗೆರೆ ಹಿಂದಿದೆ, ಎರಡು ಗಜ ಹಿಂದೆ, ಸುಣ್ಣ ಒದ್ದೆಯಾದರೆ ಹರಡುತ್ತದೆ, ಇದು ಹರಡುತ್ತಿಲ್ಲ, ಉಣ್ಣೆಯನ್ನು ಹರಿದು ಹೊರಬಂದು ನಿಂತಿದೆ, ಬಿಳಿ, ಮಂಡಿಯಿಂದ ಕೆಳಗೆ, ಬಿಳಿ, ಮಂಡಿಯಿಂದ ಕೆಳಗೆ ಏಳು ಅಂಗುಲ.