ಅನೀಸಾ ಹೊಲಿದ ಪಟ್ಟಿ

ಯಾವ ಚೀಲ ಕೈಗೆ ಸಿಕ್ಕರೂ ಅದರ ಪಟ್ಟಿಯನ್ನು ಎರಡು ಸಲ ಜಗ್ಗಿ ನೋಡದೆ ಅನೀಸಾ ಹೆಗಲಿಗೆ ಹಾಕುವವಳಲ್ಲ. ಮೊಮ್ಮಗಳು ಜಬೀನಳ ಶಾಲೆಯ ಚೀಲ, ತರಕಾರಿ ಚೀಲ, ಮದುವೆ ಮನೆಯಲ್ಲಿ ಕೊಟ್ಟ ಚೀಲ, ಎಲ್ಲಕ್ಕೂ ಅದೇ ಶಿಕ್ಷೆ. ಹೀಗೆ ಜಗ್ಗಿದರೆ ಹರಿದೇ ಹೋಗುತ್ತದೆ ಎಂದು ಜಬೀನ್ ರೇಗುತ್ತಾಳೆ. ಹರಿಯುವುದಾದರೆ ಮನೆಯಲ್ಲೇ ಹರಿಯಲಿ, ದಾರಿಯಲ್ಲಿ ಬೇಡ ಎನ್ನುವುದು ಅಜ್ಜಿಯ ವಾದ. ಹುಣಸಮಾರನಹಳ್ಳಿಯ ಆ ಬೀದಿಯವರು ಇದನ್ನು ಮುದುಕಿಯ ಗೀಳು ಎಂದು ನಕ್ಕು ಸುಮ್ಮನಾಗಿದ್ದರು. ಅದು ಗೀಳಲ್ಲ, ಇಪ್ಪತ್ತೆಂಟು ವರ್ಷದ ಹಳೆಯ ಅನುಮಾನ ಎಂದು ಗೊತ್ತಿದ್ದವನು ಅವಳ ಗಂಡ ವಹಾಬ್ ಒಬ್ಬನೇ. ಅವನು ತೀರಿಕೊಂಡು ಆರು ವರ್ಷವಾಯಿತು.

ಯಲಹಂಕದ ಕಡೆ, ಎತ್ತರದ ಬೇಲಿಯೊಳಗೆ ಒಂದು ಹೆಲಿಕಾಪ್ಟರ್ ದಳವಿದೆ. ಯುದ್ಧ ಮಾಡುವ ದಳವಲ್ಲ, ಹುಡುಕಿ ತರುವ ದಳ. ನೆರೆಯಲ್ಲಿ ಮರ ಹತ್ತಿ ಕೂತವರು, ಸಮುದ್ರದಲ್ಲಿ ದೋಣಿ ಮಗುಚಿದವರು, ವಿಮಾನ ಕೈಕೊಟ್ಟು ಕಾಡಿನಲ್ಲಿ ಇಳಿದ ಪೈಲಟ್‌ಗಳು, ಇಂಥವರನ್ನು ಹಗ್ಗ ಇಳಿಬಿಟ್ಟು ಎತ್ತಿ ತರುವುದು ಅದರ ಕೆಲಸ. ನೀರಿನ ಬದಿಯಲ್ಲಿ ಮೊಟ್ಟೆಯಿಟ್ಟು, ಯಾರಾದರೂ ಹತ್ತಿರ ಸುಳಿದರೆ ಊರಿಗೆಲ್ಲ ಕೇಳುವಂತೆ ಕೂಗುವ ಹಕ್ಕಿಯ ಹೆಸರನ್ನು ಯಾರೋ ಪುಣ್ಯಾತ್ಮರು ಅದಕ್ಕೆ ಇಟ್ಟಿದ್ದರು: ಟಿಟ್ಟಿಭ ದಳ. ಹಾರುವವರೆಲ್ಲ ಸಮವಸ್ತ್ರದವರು. ಅವರು ಜೀವ ನೆಚ್ಚಿಕೊಂಡ ಪಟ್ಟಿ, ಪ್ಯಾರಾಚೂಟುಗಳನ್ನು ಹೊಲಿಯುವ ಶೆಡ್ಡಿನಲ್ಲಿ ಮಾತ್ರ ನಾಲ್ಕು ಜನ ಸಾದಾ ನೌಕರರಿದ್ದರು. ಅವರಲ್ಲಿ ಹೆಂಗಸು ಅನೀಸಾ ಒಬ್ಬಳೇ.

ಅವಳ ಪಾಲಿಗೆ ಬಂದದ್ದು ಕಂಕುಳ ಪಟ್ಟಿ. ಅಂಗೈ ಅಗಲದ ಗಟ್ಟಿ ಪಟ್ಟಿ, ಒಳಗೆ ಮೆತ್ತೆ, ಎರಡು ತುದಿಗಳು ಸೇರಿ ಒಂದು ಕುಣಿಕೆ. ಕೆಳಗಿದ್ದವರು ಅದರೊಳಗೆ ತಲೆ ತೂರಿಸಿ, ಬೆನ್ನು ಬಳಸಿ ಕಂಕುಳಡಿಗೆ ತಂದುಕೊಂಡರೆ ಮೇಲಿನವರು ಎಳೆದುಕೊಳ್ಳುತ್ತಾರೆ. ತುದಿಗಳು ಸೇರುವ ಕಡೆ ಒಂದು ಚೌಕ ಹೊಲಿಗೆ, ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ. ಕೊನೆಯಲ್ಲಿ ಹಿಮ್ಮುಖವಾಗಿ ಐದು ಹೊಲಿಗೆ ಹಾಕಿ ದಾರ ಕತ್ತರಿಸಬೇಕು ಎಂಬುದು ನಿಯಮ. ಅನೀಸಾ ಏಳು ಹಾಕುತ್ತಿದ್ದಳು. ಮೇಲ್ವಿಚಾರಕ ಗೊಣಗಿದರೆ, "ಎರಡು ನನ್ ಕಡೆಯಿಂದ ಇರ್ಲಿ ಬಿಡಿ ಸಾರ್" ಎನ್ನುತ್ತಿದ್ದಳು.

ಇಪ್ಪತ್ತೆಂಟು ವರ್ಷದ ಹಿಂದೆ ಕೃಷ್ಣೆಗೆ ನೆರೆ ಬಂದಾಗ ದಳ ಒಂದು ಹಳ್ಳಿಯಿಂದ ಹನ್ನೊಂದು ಜನರನ್ನು ಎತ್ತಿತು. ಹನ್ನೊಂದನೆಯದು ಎರಡು ವರ್ಷದ ಗಂಡು ಮಗು. ಮಗುವನ್ನು ಅಪ್ಪಿಕೊಂಡು ಪಟ್ಟಿಯಲ್ಲಿ ಮೇಲೆ ಬಂದ ತಾಯಿ, ಬಾಗಿಲ ತನಕ ಬಂದು, ಕೆಳಗೆ ಬಿದ್ದು ನೀರುಪಾಲಾದಳು. ವಿಚಾರಣೆ ನಡೆಯಿತು. ಪಟ್ಟಿ ಬಿಟ್ಟಿರಬಹುದೆಂಬ ಮಾತು ಹುಟ್ಟಿತು, ಆ ಪಟ್ಟಿಯನ್ನು ಅವಳಿಗೆ ತೋರಿಸದೆಯೇ ಸೀಲ್ ಮಾಡಿ ಇಟ್ಟರು. ಅನೀಸಾ ಹೊಲಿದ ಪಟ್ಟಿಗಳನ್ನೆಲ್ಲ ಮುನ್ನೆಚ್ಚರಿಕೆಯೆಂದು ವಾಪಸ್ ತೆಗೆದುಕೊಂಡರು. ಅವಳನ್ನು ಟಾರ್ಪಾಲಿನ್ ಹೊಲಿಯುವ ಕಡೆಗೆ ಹಾಕಿದರು. ನೀನು ತಪ್ಪು ಮಾಡಿದೆ ಎಂದು ಯಾರೂ ಹೇಳಲಿಲ್ಲ, ಮಾಡಿಲ್ಲ ಎಂದೂ ಹೇಳಲಿಲ್ಲ. ಕಡತಕ್ಕಂತೂ ಬಾಯಿಲ್ಲ, ದಿನಾ ಬೆಳಿಗ್ಗೆ ಅವಳೊಡನೆ ಟೀ ಕುಡಿಯುತ್ತಿದ್ದವರಿಗೂ ಇರಲಿಲ್ಲವೇ? ಅವಳು ನಿವೃತ್ತಿಯ ತನಕ ಟಾರ್ಪಾಲಿನ್ ಹೊಲಿದಳು. ಮನೆಯಲ್ಲಿ ಮಾತ್ರ ಸೂಜಿ ಮುಟ್ಟಲಿಲ್ಲ. ತನ್ನ ಕುಪ್ಪಸದ ಅಂಚು ಬಿಚ್ಚಿದರೂ ವಹಾಬನ ಮುಂದೆ ಹಿಡಿಯುತ್ತಿದ್ದಳು, ಅವನು ಏನೂ ಕೇಳದೆ ಹೊಲಿದು ಕೊಡುತ್ತಿದ್ದ.

ಈ ವರ್ಷ ದಳಕ್ಕೆ ಐವತ್ತು ತುಂಬಿತು. ಅದರ ಚರಿತ್ರೆಯ ಪುಸ್ತಕ ಬರಬೇಕು, ಹಳೆಯ ಸಾಮಾನುಗಳ ಒಂದು ಪ್ರದರ್ಶನದ ಕೋಣೆಯಾಗಬೇಕು ಎಂದು ತೀರ್ಮಾನವಾಯಿತು. ಆ ಹೊಣೆ ಹೊತ್ತ ತರುಣ ಅಧಿಕಾರಿ ಹೇಮಂತ ಕೊಡಿಗೇಹಳ್ಳಿಯವನು. ಒಂದು ದಿನ ಅನೀಸಾಳ ಮನೆಗೇ ಬಂದ.

"ಅಮ್ಮಾ, ರೆಕಾರ್ಡ್ ರೂಮಿಂದ ಹಳೇ ಪಟ್ಟಿಗಳೆಲ್ಲ ಆಚೆ ಬಂದಿವೆ. ಯಾವುದು ಯಾವ ಕಾಲದ್ದು ಅಂತ ನಮಗೆ ಗೊತ್ತಾಗ್ತಿಲ್ಲ. ನೀವು ಬಂದು ನೋಡಿ ಹೇಳ್ಬೇಕು."

"ಕೃಷ್ಣಾ ನೆರೆಯ ಪಟ್ಟಿ ಐತಾ ಅದ್ರಲ್ಲಿ?" ಎಂದು ಅನೀಸಾ ಕೇಳಿದಳು.

"ಇದೆ ಅಮ್ಮ. ಸೀಲ್ ಮಾಡಿದ ಚೀಲದಲ್ಲಿತ್ತು."

ಅವಳು ಆ ರಾತ್ರಿ ಊಟ ಮಾಡಲಿಲ್ಲ. ನೋಡಬೇಕು ಎಂಬ ಆಸೆಗಿಂತ ನೋಡಿಬಿಟ್ಟರೆ ಏನು ಗತಿ ಎಂಬ ಭಯ ದೊಡ್ಡದಾಗಿತ್ತು. ಹೊಲಿಗೆ ಬಿಟ್ಟಿದ್ದರೆ, ಒಬ್ಬ ತಾಯಿಯನ್ನು ಕೊಂದ ಕೈಗಳಿಂದಲೇ ಇಷ್ಟು ವರ್ಷ ರೊಟ್ಟಿ ತಟ್ಟಿದಂತಾಯಿತು. ಆದರೂ ಬೆಳಿಗ್ಗೆ ಎದ್ದು, ಚೀಲದ ಪಟ್ಟಿಯನ್ನು ಎರಡು ಸಲ ಜಗ್ಗಿ, ಆಟೋ ಹತ್ತಿದಳು.

ಹಳೆಯ ಶೆಡ್ಡಿನಲ್ಲಿ ಉದ್ದ ಮೇಜು ಹಾಕಿದ್ದರು. ಮೇಜಿನ ಕೊನೆಯಲ್ಲಿ ಕನ್ನಡಕ ಹಾಕಿಕೊಂಡು ಬರೆಯುತ್ತಾ ಕೂತಿದ್ದವನು ನಾಗಭೂಷಣ. ದಳದಲ್ಲಿ ಬಾಗಿಲ ಬಳಿ ನಿಂತು ಹಗ್ಗ ಇಳಿಸಿ ಎಳೆಯುತ್ತಿದ್ದವನು, ಕೃಷ್ಣೆಯ ದಿನವೂ ಬಾಗಿಲಲ್ಲಿದ್ದವನು ಅವನೇ. ಈಗ ನಿವೃತ್ತನಾಗಿ ಅಟ್ಟೂರಿನಲ್ಲಿದ್ದಾನೆ. ದಳದ ಚರಿತ್ರೆ ಬರೆಯಲು ಅವನಿಗಿಂತ ತಿಳಿದವರಿಲ್ಲ ಎಂದು ಅವನಿಗೇ ಒಪ್ಪಿಸಿದ್ದರು. ಅನೀಸಾಳನ್ನು ಕಂಡು ಎದ್ದು ನಿಂತ. ಚೆನ್ನಾಗಿದ್ದೀರಾ ಎಂದು ಕೇಳಿದ, ಉತ್ತರಕ್ಕೆ ಕಾಯದೆ ಕೂತುಬಿಟ್ಟ.

ಅನೀಸಾ ಬೇರೆ ಯಾವುದನ್ನೂ ನೋಡಲಿಲ್ಲ. ನೇರ ಆ ಪಟ್ಟಿಯ ಹತ್ತಿರ ಹೋದಳು. ಬಣ್ಣ ಮಾಸಿತ್ತು, ಮೆತ್ತೆಯಲ್ಲಿ ಒಣಗಿದ ಕೆಸರಿತ್ತು. ಕಿಟಕಿಯ ಬೆಳಕಿಗೆ ಹಿಡಿದು ಚೌಕದ ನಾಲ್ಕು ಬದಿಯನ್ನೂ ಉಗುರಿನಿಂದ ಸವರಿದಳು. ಅಡ್ಡಗೆರೆ ಎರಡನ್ನೂ ಸವರಿದಳು. ಕೊನೆಗೆ ಹಿಮ್ಮುಖದ ಹೊಲಿಗೆಗಳನ್ನು ಎಣಿಸಿದಳು. ಏಳೂ ಇದ್ದವು. ಎರಡು ಸಲ ಜಗ್ಗಿದಳು. ಸಾಲದೆ, ಕುಣಿಕೆಯ ಒಂದು ಕಡೆಯನ್ನು ಕಾಲಡಿ ಮೆಟ್ಟಿ ಇದ್ದ ಬಲವನ್ನೆಲ್ಲ ಹಾಕಿ ಜಗ್ಗಿದಳು. ಪಟ್ಟಿ ಮಿಸುಕಲಿಲ್ಲ.

"ಒಂದೂ ಬಿಟ್ಟಿಲ್ಲ. ಸಾರ್, ನೋಡಿ ಇಲ್ಲಿ, ಒಂದೂ ಬಿಟ್ಟಿಲ್ಲ!"

ನಾಗಭೂಷಣ ತಲೆ ಎತ್ತಲಿಲ್ಲ. ಹೇಮಂತ ಅವನ ಮುಂದಿದ್ದ ಹಾಳೆಯತ್ತ ಬಗ್ಗಿ, "ಸಾರ್, ನೀವಿಲ್ಲಿ 'ಪಟ್ಟಿ ಬಿಟ್ಟುಹೋದ ಕಾರಣ' ಅಂತ ಬರ್ದಿದೀರಲ್ಲ?" ಎಂದ.

"ಹಂಗಾದ್ರೆ ಆಯಮ್ಮ ಹೆಂಗೆ ಬಿದ್ಲು?" ಎಂದಳು ಅನೀಸಾ.

ನೂರಾರು ಕಂಕುಳ ಪಟ್ಟಿ ಹೊಲಿದ ಅನೀಸಾ ಒಂದನ್ನೂ ತೊಟ್ಟು ನೋಡಿದವಳಲ್ಲ. ಆಗ ಅವಳಿಗೆ ಏನನ್ನಿಸಿತೋ, ದುಪ್ಪಟ್ಟ ಸರಿಸಿ ಪಟ್ಟಿಯೊಳಗೆ ತಲೆ ತೂರಿಸಿ, ಕಂಕುಳಡಿಗೆ ತಂದುಕೊಂಡಳು. ತುದಿಗಳು ಸೇರುವ ಕಡೆಯಿದ್ದ ಕೊಂಡಿಯನ್ನು ಹೇಮಂತನ ಕೈಗೆ ಕೊಟ್ಟು, "ಮೇಲಕ್ಕೆ ಹಿಡಿಯಪ್ಪ, ಬಿಗಿಯಾಗಿ" ಎಂದಳು. ಅವನು ಕುರ್ಚಿ ಹತ್ತಿ ಹಿಡಿದ. ಪಟ್ಟಿ ಅವಳ ಬೆನ್ನನ್ನು ಗಟ್ಟಿಯಾಗಿ ಅಪ್ಪಿತು.

"ಕೈ ಕೆಳಗಿರ್ಲಿ ಅಮ್ಮ, ಕೈ ಎತ್ಬೇಡಿ!"

ಕೂಗಿದವನು ನಾಗಭೂಷಣ. ಹತ್ತೊಂಬತ್ತು ವರ್ಷ ಬಾಗಿಲಲ್ಲಿ ನಿಂತು ಕೆಳಗಿನವರಿಗೆ ಕೂಗಿದ ಮಾತು, ತಡೆಯುವ ಮೊದಲೇ ಬಾಯಿಂದ ಬಿದ್ದಿತ್ತು. ಅವನ ಮುಖದ ಬಣ್ಣವೇ ಇಳಿದುಹೋಯಿತು.

ಅನೀಸಾ ಅವನನ್ನೇ ನೋಡುತ್ತಾ ಎರಡೂ ಕೈಗಳನ್ನು ನಿಧಾನವಾಗಿ ಮೇಲಕ್ಕೆತ್ತಿದಳು. ಪಟ್ಟಿ ಸರ್ರನೆ ಬೆನ್ನು ಜಾರಿ, ಭುಜ ಜಾರಿ, ತಲೆಯ ಮೇಲಿಂದ ಹೊರಟುಹೋಯಿತು. ಹೇಮಂತನ ಕೈಯಲ್ಲಿ ಇಡಿಯಾಗಿ, ಖಾಲಿಯಾಗಿ ತೂಗಾಡಿತು. ಅವಳು ಎತ್ತಿದ ಕೈ ಇಳಿಸಲಿಲ್ಲ.

"ಆಯಮ್ಮ ಕೈ ಎತ್ತಿದ್ಲಾ? ಯಾಕೆ ಎತ್ತಿದ್ಲು ಸಾರ್?"

"ನಾನು ಕೇಳಿದ್ದಕ್ಕೆ" ಎಂದ ನಾಗಭೂಷಣ.

ಹೇಳಬೇಕಾದ್ದನ್ನು ಅವನು ಮೇಜಿಗೆ ಹೇಳುವಂತೆ ಹೇಳಿದ. ಬಾಗಿಲ ತನಕ ಬಂದವರನ್ನು ಬೆನ್ನು ತಿರುಗಿಸಿ, ಹಾಗೇ ಒಳಕ್ಕೆ ಎಳೆದುಕೊಳ್ಳಬೇಕು. ಅವರ ಕೈಯಿಂದ ಏನನ್ನೂ ತೆಗೆದುಕೊಳ್ಳಬಾರದು, ಅದು ಮೊದಲ ಪಾಠ. ಅವತ್ತು ಗಾಳಿ ಜೋರಿತ್ತು. ಮಗು ಅವಳ ತೋಳಿನಿಂದ ಜಾರುತ್ತಿರುವ ಹಾಗೆ ಕಂಡಿತು. "ಮಗು ಕೊಡು ಅಂತ ಎರಡೂ ಕೈ ಚಾಚ್ಬಿಟ್ಟೆ. ಅವಳು ಕೊಟ್ಲು. ಮಗು ನನ್ ಕೈಗೆ ಬಂತು. ಆಮೇಲೆ ನೋಡಿದ್ರೆ ಪಟ್ಟಿ ಖಾಲಿ."

"ವಿಚಾರಣೇಲಿ ಹೇಳ್ಲಿಲ್ವಾ?" ಎಂದಳು ಅನೀಸಾ.

"ಮೊದಲು ಕೆಲಸ ಹೋಗುತ್ತೆ ಅಂತ ಹೆದರಿದೆ, ಸುಳ್ಳು ಹೇಳಲ್ಲ. ಆಮೇಲೆ ಆ ಹುಡುಗ ದೊಡ್ಡವನಾದ. ನನ್ನ ಹುಡುಕ್ಕೊಂಡು ಬಂದು ಕೇಳಿದ, ನಮ್ಮವ್ವ ಹೆಂಗ ಹ್ವಾದ್ಲು ಅಂತ. ನಿನ್ನ ಕೊಡೋಕೆ ಹೋಗಿ ಹೋದ್ಲು ಅಂತ ಹೆಂಗೆ ಹೇಳ್ಲಿ? ಪಟ್ಟಿ ಬಿಟ್ಟೋಯ್ತು ಕಣಪ್ಪ ಅಂದೆ. ಪಟ್ಟಿ ಮೇಲೆ ಹಾಕಿದ್ರೆ ಯಾರಿಗೂ ನೋವಾಗಲ್ಲ ಅನ್ಕೊಂಡೆ."

"ಪಟ್ಟಿಗೆ ಹಿಂದೆ ಮುಂದೆ ಯಾರೂ ಇಲ್ಲ ಅನ್ಕೊಂಡ್ರಾ?"

ಅವಳ ಧ್ವನಿ ಏರಿರಲಿಲ್ಲ, ಆದರೂ ನಾಗಭೂಷಣ ಕುರ್ಚಿಯಲ್ಲಿ ಕುಗ್ಗಿದ. ಅವಳಿಗೆ ಸಿಟ್ಟು ಬಂದಿತ್ತು. ವಹಾಬ್ ಇದನ್ನು ಕೇಳದೆ ಹೋದನಲ್ಲ ಅನ್ನಿಸಿತು. ಅವನು ಒಂದು ದಿನವೂ ಅನುಮಾನಪಟ್ಟಿರಲಿಲ್ಲ. ಅನುಮಾನಪಟ್ಟವಳು ಅವಳೇ.

ಹೇಮಂತ ಕುರ್ಚಿಯಿಂದ ಇಳಿದು ಮೆಲ್ಲಗೆ ಹೇಳಿದ: "ಅಮ್ಮಾ, ಬರೀ 'ಅಪಘಾತ' ಅಂತ ಬರ್ದುಬಿಡೋಣ. ಪಟ್ಟಿ ಹೆಸರೂ ಬೇಡ, ಸಾರ್ ಹೆಸರೂ ಬೇಡ. ಆ ಹುಡುಗನಿಗೂ ನೋವಾಗಲ್ಲ."

ಒಪ್ಪಿದರೆ ಅನೀಸಾಳಿಗೇನೂ ನಷ್ಟವಿರಲಿಲ್ಲ, ತಿಳಿಯಬೇಕಾದ್ದು ತಿಳಿದಾಗಿತ್ತು. ಆದರೆ ಇಪ್ಪತ್ತೆಂಟು ವರ್ಷ ಕಣ್ಣು ಮುಚ್ಚಿದಾಗಲೆಲ್ಲ ಅವಳಿಗೆ ಕಾಣುತ್ತಿದ್ದದ್ದು ಹೊಲಿಗೆ ಬಿಚ್ಚಿ ಬೀಳುತ್ತಿದ್ದ ಒಬ್ಬ ಹೆಂಗಸು. ಈಗ ಕಂಡವಳು ಬೇರೆಯೇ. ಕಾಲ ಕೆಳಗೆ ಹೊಳೆ, ಮೇಲೆ ಗಾಳಿ. ಕೈ ಎತ್ತಬಾರದೆಂದು ಕೂಗಿ ಹೇಳಿದ್ದನ್ನು ಕೇಳಿಸಿಕೊಂಡವಳೇ. ಆದರೂ ಎತ್ತಿದ್ದಳು.

"ಬೇಡಪ್ಪ. ಆ ಹುಡುಗ ಇಷ್ಟು ವರ್ಷ ಏನ್ ತಿಳ್ಕೊಂಡವ್ನೆ? ಯಾರೋ ಸರಿಯಾಗಿ ಹೊಲೀಲಿಲ್ಲ, ನಮ್ಮಮ್ಮ ಸತ್ಲು ಅಂತ. ಸುಮ್ನೆ ಸತ್ಲು ಅಂತ. ಅವಳು ಸುಮ್ನೆ ಸತ್ಲಾ? ಅವನನ್ನ ಎತ್ತಿ ಕೊಟ್ಲು. ಅದು ಅವನ ಸೊತ್ತು ಸಾರ್, ನೀವ್ ಇಟ್ಕೊಂಡಿದೀರ." ಅವಳು ನಾಗಭೂಷಣನ ಎದುರು ಕೂತಳು. "ನೀವೇ ಬರೀರಿ. ಪುಸ್ತಕ ಬರೋಕೆ ಮುಂಚೆ ನೀವೇ ಹೋಗಿ ಅವನಿಗೆ ಹೇಳಿ. ಪುಸ್ತಕದಲ್ಲಿ ಓದಿ ತಿಳ್ಕೋಬಾರ್ದು."

ನಾಗಭೂಷಣ ಪೆನ್ನು ಎತ್ತಿಕೊಂಡ. ಹಳೆಯ ಸಾಲನ್ನು ಹೊಡೆದುಹಾಕಿ ಬರೆದ. ಓದಿ ಎಂದಳು ಅನೀಸಾ. ಅವನು ಓದಿದ:

"ಪಟ್ಟಿಯ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಅದನ್ನು ಹೊಲಿದವರು ಅನೀಸಾ. ಬಾಗಿಲಲ್ಲಿದ್ದ ನಾನು ನಿಯಮ ಮೀರಿ ಕೈ ಚಾಚಿದೆ. ತಾಯಿ ಎರಡೂ ಕೈಯೆತ್ತಿ ಮಗುವನ್ನು ಕೊಟ್ಟಳು."

ಅವಳು ಕಣ್ಣೊರೆಸಿಕೊಂಡಳು. ತನ್ನ ಹೆಸರು ಕೇಳಿ ಅತ್ತದ್ದು ನಿಜ, ಮುಚ್ಚಿಡುವುದೇನಿದೆ. ಆದರೂ ಬೇಡವೆಂಬಂತೆ ತಲೆಯಾಡಿಸಿದಳು.

"ನಂದು ಕೊನೇಲಿ ಹಾಕಿ. ಅವಳದ್ದು ಮೊದಲು ಬರ್ಲಿ. ಹೆಸರೇನು ಆಯಮ್ಮಂದು?"

ದಳದ ದಾಖಲೆಯಲ್ಲಿ ಉಳಿದವರ ಸಂಖ್ಯೆ ಬರೆಯುವ ರೂಢಿ, ಹೋದವರಿಗೆ ಷರಾದಲ್ಲಿ ಅರ್ಧ ಸಾಲು. ಅಲ್ಲಿ 'ಒಬ್ಬ ಮಹಿಳೆ' ಎಂದಷ್ಟೇ ಇತ್ತು. ನಾಗಭೂಷಣ ಕಡತ ನೋಡಲಿಲ್ಲ.

"ದ್ಯಾಮವ್ವ" ಎಂದ.

"ಬರೀರಿ" ಎಂದಳು. ಅವನು ಹೊಸ ಹಾಳೆ ತೆಗೆದುಕೊಂಡು ಆ ಹೆಸರಿನಿಂದ ಶುರುಮಾಡಿದ.

ಗೇಟಿನ ಹೊರಗೆ ಬಿಸಿಲು ಏರಿತ್ತು. ಏರ್‌ಪೋರ್ಟ್ ರಸ್ತೆಯ ಕಡೆಯಿಂದ ಹೇಮಂತ ಕರೆಸಿದ ಆಟೋ ಬಂತು. ಅನೀಸಾ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡು ಹತ್ತಿ ಕೂತಳು. ಪಟ್ಟಿ ಜಗ್ಗಿ ನೋಡಲಿಲ್ಲ ಎನ್ನುವುದು ಅವಳಿಗೆ ನೆನಪಾದದ್ದು ಮನೆ ಬಾಗಿಲಲ್ಲಿ.