ಶಾಲಿನ ಕೆಳಗಿನ ಕೈ

"ಯಾರಾದ್ರೂ ತಲಿ ಹಿಡೀರಪ್ಪ, ವಾಲ್ತೈತೆ," ಎಂದ ಮಹಾಂತೇಶ. ಗೋಡೆಗೊರಗಿಸಿ ಕೂರಿಸಿದ್ದ ಅಣ್ಣನ ಹೆಣಕ್ಕೆ ರುಮಾಲು ಸುತ್ತುತ್ತಿದ್ದ. ಎರಡು ಸುತ್ತು ಬಂದರೂ ಬಲಗಿವಿಯ ಮೇಲಿನ ಹೊಲಿಗೆಯ ಗುರುತು ಇಣುಕುತ್ತಲೇ ಇತ್ತು. ಸರ್ವಮಂಗಳಮ್ಮ ಎದ್ದು ಬಂದು ಗಂಡನ ಗದ್ದ ಹಿಡಿದು ನಿಂತಳು.

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುತ್ತಿದ್ದ ಕಲ್ಲೇಶಪ್ಪ ಭತ್ತದ ಚೀಲವನ್ನು ಒಬ್ಬನೇ ಹೆಗಲಿಗೇರಿಸುತ್ತಿದ್ದ ಗಂಡಸು. ಅಂಥವನು ಮಿದುಳಿನ ಗಡ್ಡೆಯ ಆಪರೇಶನ್ ಆಗಿ ವರ್ಷ ತುಂಬುವುದರೊಳಗೆ ಹೋಗಿಬಿಟ್ಟ. ಸಾವಿನ ಮನೆಯಲ್ಲಿ ಡಾಕ್ಟರಿಗೇನು ಬರವೇ? ಬಂದವರೆಲ್ಲ ಒಂದೊಂದು ಕಾರಣ ಹೇಳುತ್ತಿದ್ದರು. ಒಬ್ಬರು ಭಟ್ಟಿಯ ಕಾವು ತಲೆಗೇರಿತು ಎಂದರು, ಇನ್ನೊಬ್ಬರು ಆಸ್ಪತ್ರೆಯವರು ಗಡ್ಡೆ ಸುಡಲೆಂದು ಕೊಟ್ಟ ಕರೆಂಟು ಎಂದರು.

"ತಲಿಗೆ ಕತ್ತಿ ಹಾಕಿಸಬಾರದಿತ್ತು ಅತ್ತಿಗೆ," ಮಹಾಂತೇಶ ಕತ್ತೆತ್ತದೆ ಹೇಳಿದ. "ನಡಕೊಂತ ಹೋದ ಮನುಷ್ಯ. ನನ್ನ ಒಂದು ಮಾತು ಕೇಳದಂಗೆ ಸೈ ಹಾಕಿದ್ರಿ."

ಹಾಕಿದ್ದು ನಿಜ.

ಹರಿಹರದಿಂದ ಬಂದಿದ್ದ ಬಸವಣ್ಣೆಮ್ಮ, ಸರ್ವಮಂಗಳಮ್ಮನ ಮಗಳು ರಶ್ಮಿತಾಳ ಅತ್ತೆ, ಹತ್ತಿರ ಸರಿದು ಕೂತಳು. "ಅಲ್ರೀ ಬೀಗ್ತಿ, ಇದು ಶುರುವಾಗಿದ್ದಾದ್ರೂ ಯಾವಾಗ? ಮದುವ್ಯಾಗ ಗುಂಡುಕಲ್ಲಿನಂಗಿದ್ರಲ್ಲ."

ಮೂಲೆಯಲ್ಲಿ ರಶ್ಮಿತಾ ತುಂಬಿದ ಬಸುರಿ. ಅಪ್ಪನನ್ನು ನೋಡಬಾರದೆಂದು ಅವಳನ್ನು ಆ ಕಡೆ ತಿರುಗಿಸಿ ಕೂರಿಸಿದ್ದರು. ಸರ್ವಮಂಗಳಮ್ಮ ಆ ಬೆನ್ನನ್ನೇ ನೋಡಿದಳು.

"ಮದುವಿ ಆದಮ್ಯಾಲೇರಿ. ಆಸ್ಪತ್ರಿಗೆ ಹೋಗಾಕೆ ಹದಿನೈದು ದಿನ ಮುಂಚೆ."

"ನೋಡ್ರಿ ಮತ್ತೆ," ಎಂದ ಮಹಾಂತೇಶ. "ಹದಿನೈದು ದಿನದ ರೋಗಕ್ಕೆ ತಲಿ ಕೊಯ್ಸಿದ್ರು."

*

ನಿಜವಾಗಿ ಶುರುವಾದದ್ದು ಮದುವೆಗೂ ಹಿಂದಿನ ದೀಪಾವಳಿಯಲ್ಲಿ. ಭಟ್ಟಿಯ ಮುಂದೆ ಕಲ್ಲೇಶಪ್ಪನ ಎಡಗೈ ನಡುಗಿ ಜರಡಿ ಬಿತ್ತು. ಆಮೇಲೊಂದು ಸಂಜೆ ಹಿತ್ತಲಲ್ಲಿ ನೊರೆ ಕಾರಿ ಬಿದ್ದ. ಎದ್ದವನೇ ಅಂದ, "ಬೀಗರ ಕಿವಿಗೆ ಬೀಳಬಾರದು ನೋಡು. ಮೂರ್ಛೆ ಮನೆತನದ ಹೆಣ್ಣು ಬ್ಯಾಡ ಅಂತಾರೆ. ಮೊದ್ಲು ಮದುವಿ ಆಗ್ಲಿ, ಆಮ್ಯಾಲೆ ತೋರ್ಸಣ." ಅವಳೂ ಹೂಂ ಅಂದಳು.

ಹರಿಹರದಲ್ಲಿ ನಿಶ್ಚಿತಾರ್ಥದ ದಿನ ವೀಳ್ಯ ಕೊಡುವ ಹೊತ್ತಿಗೇ ಎಡಗೈ ಅದುರತೊಡಗಿತು. ಅವಳು ಅವನು ಹೊದ್ದಿದ್ದ ಶಾಲು ಎಳೆದು ಮುಚ್ಚಿ, ಕೆಳಗೆ ಆ ಕೈಯನ್ನು ಅದುಮಿ ಹಿಡಿದಳು. ಬಸವಣ್ಣೆಮ್ಮ ನಕ್ಕಿದ್ದಳು: "ಮಗಳು ಮದುವಿಗೆ ಬಂದ್ರೂ ಕೈ ಬಿಡವಲ್ರು ನೋಡ್ರಿ." ಎಲ್ಲರೂ ನಕ್ಕರು, ಕಲ್ಲೇಶಪ್ಪನೂ ನಕ್ಕ. ಆಮೇಲೆ ಬೀಗರ ಕಡೆ ಯಾರೋ ಹಿರಿಯರು ತೀರಿಕೊಂಡು ಮುಹೂರ್ತ ಮುಂದಕ್ಕೆ ಹೋಯಿತು. ಗಡ್ಡೆ ಮುಹೂರ್ತಕ್ಕೆ ಕಾಯುತ್ತದೆಯೇ?

ಕೊನೆಗೆ ಮದುವೆ ಮುಗಿದ ಮೇಲೆ ತೋರಿಸಿದಾಗ, ಆಪರೇಶನ್ ಮುಗಿಸಿ ಬಂದ ಬೆಂಗಳೂರಿನ ಡಾಕ್ಟರು ಮೆತ್ತಗೆ ಹೇಳಿದ್ದರು: "ಪೂರ್ತಿ ತೆಗೆಯೋಕೆ ಆಗ್ಲಿಲ್ಲಮ್ಮ, ಬೆಳೆದುಬಿಟ್ಟಿತ್ತು. ಗಡ್ಡೆನೂ ಕೆಟ್ಟ ಜಾತಿದು. ಇನ್ನೆಷ್ಟು ಕಾಲ ಅನ್ನೋದು ಅವರ ವಯಸ್ಸು, ಒಳಗೆ ಉಳಿದಿರೋದು, ಕರೆಂಟು ತಡ್ಕೊಳ್ಳೋ ತ್ರಾಣ, ಇವುಗಳ ಮೇಲಿದೆ. ಸಣ್ಣದಿದ್ದಾಗ ಬಂದಿದ್ರೆ ಇನ್ನೊಂದಿಷ್ಟು ದಿನ ಸಿಗ್ತಿತ್ತೇನೋ. ಫಿಟ್ಸ್ ಯಾವಾಗಿಂದ ಬರ್ತಿತ್ತು?"

ಪಕ್ಕದಲ್ಲಿ ಅಳಿಯ ನಿಂತಿದ್ದ. "ಹದಿನೈದು ದಿನದಿಂದ," ಎಂದಳು. ಡಾಕ್ಟರ ಆ 'ಸಿಗ್ತಿತ್ತೇನೋ' ಅಂದಿನಿಂದ ಅವಳ ಕಿವಿ ಬಿಟ್ಟಿಲ್ಲ.

*

ಹೊರಗೆ ಹೆಣ ಕೂರಿಸಿ ಒಯ್ಯುವ ವಿಮಾನ ಕಟ್ಟಿ ಮುಗಿದಿತ್ತು. ಅಯ್ಯನವರು ಹಣೆಗೆ ವಿಭೂತಿ ಹಚ್ಚಿ, ಕೊರಳಲ್ಲಿದ್ದ ಲಿಂಗ ಬಿಚ್ಚಿ ಎಡ ಅಂಗೈಯಲ್ಲಿಟ್ಟರು. ಬೆರಳು ಮಡಚಲಿಲ್ಲ, ಲಿಂಗ ಜಾರಿತು. "ತಾಯಿ, ನೀವೊಂದೀಟು ಹಿಡೀರಿ," ಎಂದರು.

ಸರ್ವಮಂಗಳಮ್ಮ ಕೂತು, ಹೆಣಕ್ಕೆ ಹೊದಿಸಿದ್ದ ಶಾಲಿನ ಕೆಳಗೆ ಕೈ ಹಾಕಿ, ಆ ಕೈಯನ್ನು ಅದುಮಿ ಹಿಡಿದಳು. ಅಯ್ಯನವರು ಮಂತ್ರ ಮುಗಿಸಿದರು. ಹೊರುವವರು ಬಂದು ನಿಂತರು.

"ಬಿಡ್ರಿ ಅತ್ತಿಗೆ, ಹೊತ್ತಾತು," ಎಂದ ಮಹಾಂತೇಶ.

"ಬಿಡಾಕೆ ಹೆಂಗೆ ಮನಸು ಬರ್ತೈತಪ್ಪ," ಬಸವಣ್ಣೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ಮನ್ಯಾಗೆ ವೀಳ್ಯದ ದಿನಾನೂ ಹಿಂಗೇ ಹಿಡ್ಕಂಡು ಕುಂತಿದ್ರು."

ಗಂಡನ ಕೈ ಅಲ್ಲಾಡದೆ ತಣ್ಣಗಿತ್ತು. ಈಗ ನಡುಗುತ್ತಿದ್ದದ್ದು ಅವಳದೇ ಕೈ. ಯಾರಿಗೂ ಕಾಣದಂತೆ ಅವಳು ಶಾಲನ್ನು ಇನ್ನಷ್ಟು ಮುಂದಕ್ಕೆಳೆದಳು.