ತುಳಿದ ಹಿಮ

"ನಿನಗೆ ತಲೆ ಕೆಟ್ಟಿದೆ!" ಸೆರಾಫಿನ್ ಮೇಜಿಗೆ ಗುದ್ದಿದ ರಭಸಕ್ಕೆ ಕಾಫಿ ಚೆಲ್ಲಿತು. "ಮುಚ್ಚಿ ನಾಲ್ಕನೇ ದಿನ ಕಣಯ್ಯಾ ಇದು! ಮುನ್ಸೂಚನೆಯಲ್ಲಿ ಹಿಮ ಕುಸಿಯೋ ಅಪಾಯ ಐದರಲ್ಲಿ ಎರಡು ಅಂತಿದೆ. ಗಾಳಿ ಇಲ್ಲ, ಮೋಡ ಇಲ್ಲ. ಕೆಳಗೆ ನನ್ನ ಸ್ಕೀ ಮೇಷ್ಟ್ರುಗಳೆಲ್ಲ ಕೈಕಟ್ಟಿಕೊಂಡು ಕೂತಿದ್ದಾರೆ. ಇನ್ನೇನು ಬೇಕು ನಿನಗೆ? ದೇವರೇ ಬಂದು ರುಜು ಹಾಕ್ಬೇಕಾ?"

"ವಿಂಟರ್‌ಲೈಟೆ ಇಳಿಜಾರು ಮುಚ್ಚಿರುತ್ತೆ," ಎಂದ ಒಟ್ಮಾರ್.

"ಯಾಕೆ?"

"ಮುಚ್ಚಿರುತ್ತೆ ಅಂದೆನಲ್ಲ."

"ಕಾರಣ ಹೇಳೋ! ಮನಸ್ಸು ಬಂದಾಗ ಬಾಗಿಲು ಹಾಕೋಕೆ ಇದು ನಿಮ್ಮಪ್ಪನ ದನದ ಕೊಟ್ಟಿಗೆ ಅಲ್ಲ."

ಒಟ್ಮಾರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಬುರ್ಗಿ ಇಬ್ಬರ ನಡುವೆ ಕೈ ಚಾಚಿದಳು. "ಇಬ್ಬರೂ ಕೂತ್ಕೊಳ್ಳಿ. ಗೂಳಿಗಳ ಹಾಗೆ ಗುಟುರು ಹಾಕ್ಬೇಡಿ."

ಬುರ್ಗಿ ಒಟ್ಮಾರನ ತಂಗಿ. ದಿನಾ ಬೆಳಿಗ್ಗೆ ಲಿಫ್ಟ್ ಶುರುವಾಗುವ ಮುಂಚೆ ಈ ಮೂವರೂ ಕೆಳಗಿನ ನಿಲ್ದಾಣದ ಕೋಣೆಯಲ್ಲಿ ಕೂತು ಯಾವ ಇಳಿಜಾರು ತೆರೆಯಬೇಕು, ಯಾವುದು ಬೇಡ ಎಂದು ತೀರ್ಮಾನಿಸಬೇಕು. ಮುನ್ಸೂಚನೆ ಬರುವುದು ಇಡೀ ಪ್ರಾಂತ್ಯಕ್ಕೆ. ಈ ಬೆಟ್ಟದ ಈ ಮಗ್ಗುಲಲ್ಲಿ ಹಿಮ ಹೇಗೆ ಕೂತಿದೆ ಎನ್ನುವುದು ಅದರಲ್ಲಿ ಇರುವುದಿಲ್ಲ. ಅದನ್ನು ಊರಿನವರೇ ನೋಡಿ ಹೇಳಬೇಕು. ಮೂವರಲ್ಲಿ ಹಿರಿಯ ಒಟ್ಮಾರ್. ಕೊನೆಯ ಮಾತು ಅವನದು.

ಬುರ್ಗಿ ಕೂತಿದ್ದ ಕುರ್ಚಿಯಲ್ಲಿ ಹೋದ ಚಳಿಗಾಲದವರೆಗೆ ಅವಳ ಗಂಡ ಕಸ್ಪರ್ ಕೂರುತ್ತಿದ್ದ.

ವಿಂಟರ್‌ಲೈಟೆ ಯಾವತ್ತೂ ಕುಸಿದದ್ದಿಲ್ಲ ಎಂದು ಊರಿಗೆ ಊರೇ ನಂಬಿತ್ತು. ಅಜ್ಜಂದಿರೂ ಹಾಗೆಯೇ ಹೇಳುತ್ತಿದ್ದರು. ಅದು ಯಾಕೆ ಕುಸಿಯುವುದಿಲ್ಲ ಎಂದು ಮಾತ್ರ ಒಬ್ಬನೂ ಕೇಳಿಕೊಂಡಿರಲಿಲ್ಲ. ನವೆಂಬರಿನಲ್ಲಿ ಮೊದಲ ಹಿಮ ಬಿದ್ದ ದಿನದಿಂದ ಸಾವಿರಾರು ಸ್ಕೀಗಳು ಅದನ್ನು ತುಳಿದು ತುಳಿದು ಕಣದ ನೆಲದ ಹಾಗೆ ಗಟ್ಟಿ ಮಾಡುತ್ತಿದ್ದವು, ಅಷ್ಟೇ. ಹೋದ ವರ್ಷ ಲಿಫ್ಟಿನ ಹಗ್ಗ ಕೆಟ್ಟು, ರಿಪೇರಿ ಮುಗಿಯುವಷ್ಟರಲ್ಲಿ ಜನವರಿ ಬಂದಿತ್ತು. ಮೊದಲ ಹಿಮವನ್ನು ತುಳಿಯುವವರಿಲ್ಲದೆ ಅದು ಒಳಗೊಳಗೇ ಸಕ್ಕರೆಯ ಹರಳಿನಂತೆ ಉದುರುದುರಾಗಿ ಕೂತಿತ್ತು. ಅದರ ಮೇಲೆ ಹೊಸ ಹಿಮ ಬಿತ್ತು. ಮುನ್ಸೂಚನೆ ಮೂರು ಅಂದಿತ್ತು. ವಿಂಟರ್‌ಲೈಟೆ ತಾನೇ, ತೆರೆಯೋಣ ಎಂದ ಒಟ್ಮಾರ್. ಸೆರಾಫಿನ್ ಹೂಂ ಎಂದ, ಕಸ್ಪರನೂ ಹೂಂ ಎಂದ. ಪ್ರವಾಸಿಗರನ್ನು ಬಿಡುವ ಮೊದಲು ತಮ್ಮವರೊಬ್ಬರು ಇಳಿದು ನೋಡುವುದು ವಾಡಿಕೆ. ಕಸ್ಪರ್ ಇಳಿದ. ಇಳಿಜಾರು ಪೂರ್ತಿ ಅವನ ಜೊತೆಗೇ ಇಳಿಯಿತು.

ವಿಚಾರಣೆ ನಡೆದು, ಯಾರದೂ ತಪ್ಪಿಲ್ಲ ಎಂದಾಯಿತು. ತಪ್ಪಿದೆ ಎಂದಿದ್ದರೆ ಒಟ್ಮಾರ್ ಜೈಲಿಗೆ ಹೋಗಿ ಒಂದು ದಿನ ಹೊರಗೆ ಬರಬಹುದಿತ್ತು.

"ಅಣ್ಣ," ಎಂದಳು ಬುರ್ಗಿ, "ಮೇಲೆ ಹೋಗಿ ಅಗೆದು ನೋಡೋಣ. ಹಿಮ ಕೆಟ್ಟಿದ್ರೆ ನಾನೇ ಮುಚ್ಚು ಅಂತೀನಿ. ಚೆನ್ನಾಗಿದ್ರೆ ನೀನು ತೆರೀಬೇಕು."

ಮೂವರೂ ಮೇಲೆ ಹೋದರು. ಇಳಿಜಾರಿನ ಅಂಚಿನಲ್ಲಿ ಬುರ್ಗಿಯೇ ಸಲಿಕೆ ಹಿಡಿದು ಎದೆಯಾಳ ಗುಂಡಿ ತೋಡಿದಳು. ಗುಂಡಿಯ ಗೋಡೆಯ ಮೇಲೆ ಮೇಲಿನಿಂದ ಕೆಳಕ್ಕೆ ಬೆರಳಾಡಿಸಿದಳು. ಮೇಲೆ ಈ ವಾರದ ಹಿಮ, ಚೆನ್ನಾಗಿ ಕೂತಿದೆ. ಅದರ ಕೆಳಗೆ ಕ್ರಿಸ್‌ಮಸ್ ಮಳೆ ಹೆಪ್ಪುಗಟ್ಟಿದ ತೆಳು ಗೆರೆ. ತೀರಾ ತಳಕ್ಕೆ ಹೋದಾಗ ಬೆರಳು ಒಳಗೆ ಇಳಿಯಲೇ ಇಲ್ಲ.

"ನೋಡು. ಈ ಸಲ ನವೆಂಬರಿಂದ ತುಳಿದಿದ್ದಾರೆ. ಕಲ್ಲಾಗಿದೆ."

ಆಮೇಲೆ ಗೋಡೆಯಿಂದ ಒಂದು ಕಂಬದಷ್ಟು ಹಿಮ ಬಿಡಿಸಿ, ಅದರ ತಲೆಯ ಮೇಲೆ ಸಲಿಕೆ ಇಟ್ಟು ಬಡಿದಳು. ಮೊದಲು ಮಣಿಕಟ್ಟಿನಿಂದ, ಆಮೇಲೆ ಮೊಣಕೈಯಿಂದ, ಕೊನೆಗೆ ಭುಜ ಎತ್ತಿ ಪೂರ್ತಿ ಬಲದಿಂದ. ಕಂಬ ಜಾರಲಿಲ್ಲ. ಸೆರಾಫಿನ್ ಅದರ ಮೇಲೆ ಹತ್ತಿ ಕುಣಿದ.

"ನಮ್ಮತ್ತೆ ಬಂದು ಕುಣಿದ್ರೂ ಬೀಳಲ್ಲ ಇದು!"

ಅಷ್ಟರಲ್ಲಿ ಒಟ್ಮಾರ್ ಬಿಳಿಚಿಕೊಂಡು ಕೈ ಎತ್ತಿದ. "ಶ್! ಕೇಳಿಸ್ತಾ?"

ಸೆರಾಫಿನ್ ನಿಂತಲ್ಲೇ ಕಲ್ಲಾದ. ಕಾಲಡಿಯ ಪದರ ಕುಸಿಯುವಾಗ ಅಟ್ಟದ ಮೇಲೆ ಮೂಟೆ ಎಸೆದಂತೆ ಧಬ್ಬೆಂದು ಒಂದು ಸದ್ದು ಬರುತ್ತದೆ. ಆ ಸದ್ದನ್ನು ಈ ಕಣಿವೆಯಲ್ಲಿ ಯಾರೂ ತಮಾಷೆಗೆ ತೆಗೆದುಕೊಳ್ಳುವುದಿಲ್ಲ. ಬುರ್ಗಿ ಉಸಿರು ಬಿಗಿಹಿಡಿದು ಆಲಿಸಿದಳು. ಲಿಫ್ಟಿನ ಗುಂಯ್ ಬಿಟ್ಟರೆ ಇನ್ನೇನೂ ಇರಲಿಲ್ಲ.

"ಇಲ್ಲಣ್ಣ."

"ಈಗ! ಈಗ ಮತ್ತೆ ಬಂತಲ್ಲ!"

ಇಬ್ಬರೂ ಅವನ ಮುಖ ನೋಡಿದರು. ಸೆರಾಫಿನನ ಸಿಟ್ಟು ಸರ್ರನೆ ಇಳಿಯಿತು. "ಏನೂ ಇಲ್ಲ ಮಾರಾಯ," ಎಂದ, ಮಗುವಿಗೆ ಹೇಳುವ ಹಾಗೆ. ಬೆಳಗಿನಿಂದ ಅವನು ಬೈದ ಬೈಗುಳ ಯಾವುದೂ ಒಟ್ಮಾರನಿಗೆ ತಾಗಿರಲಿಲ್ಲ. ಈ ಮಾತು ತಾಗಿತು.

"ಯಾವಾಗಿಂದ ಕೇಳಿಸ್ತಿದೆ?" ಬುರ್ಗಿ ಕೇಳಿದಳು.

"ಮೊದಲ ಹಿಮ ಬಿದ್ದಾಗಿಂದ. ಹಾಲು ಕರೀವಾಗ್ಲೂ ಕೇಳುತ್ತೆ. ಚರ್ಚಲ್ಲೂ ಕೇಳುತ್ತೆ." ಅವನು ಗುಂಡಿಯ ಅಂಚಿನಲ್ಲಿ ಕುಸಿದು ಕೂತ. "ನೀನು ಒಂದ್ಸಲನಾದ್ರೂ ನನಗೆ ಬೈಯ್ಯೇ. ನನ್ನ ಗಂಡನ್ನ ತಿಂದ್ಕೊಂಡೆ ಅಂತ ಬೈಯ್ಯಿ."

"ಬೈದ್ರೆ ನಿನಗೆ ಹಗುರಾಗುತ್ತೆ. ನನಗೇನಾಗುತ್ತೆ?" ಅವಳ ದನಿ ಒರಟಾಯಿತು. "ನಾನು ಬೆಳಿಗ್ಗೆ ಎದ್ದು ಈ ಬೆಟ್ಟ ನೋಡ್ಬೇಕು. ನೀನು ಹೀಗೆ ಮುಚ್ಕೊಂಡೇ ಇದ್ರೆ ನನಗೆ ಇದು ಬರೀ ಸಮಾಧಿಯಾಗುತ್ತೆ ಕಣೋ. ಅವನು ಇಷ್ಟಪಟ್ಟ ಜಾಗ ಇದು. ತೆರಿ ಅಂತ ನಿನ್ನ ಬಾಯಿಂದ ಬರ್ಲಿ."

ಬುರ್ಗಿ ವಾಕಿಟಾಕಿಯನ್ನು ಅವನ ಬಾಯಿಯ ಹತ್ತಿರ ಹಿಡಿದಳು. ಒಟ್ಮಾರ್ ಬಾಯಿ ತೆರೆದ. ಹಿಮ ಚೆನ್ನಾಗಿದೆ ಎಂದು ಅವನ ಕಣ್ಣಿಗೂ ಕೈಗೂ ಗೊತ್ತಿತ್ತು. ಆದರೂ ಆ ಒಂದು ಮಾತು ಹೇಳದೆ ವಾಕಿಟಾಕಿಯನ್ನು ಪಕ್ಕಕ್ಕೆ ಸರಿಸಿದ.

"ಇಲ್ಲದ್ದೆಲ್ಲ ಕೇಳಿಸುತ್ತೆ ನನಗೆ," ಎಂದ. "ನಾಳೆ ನಿಜವಾಗಿ ಕುಸಿಯುವಾಗ, ಇದೂ ಸುಳ್ಳೇ ಅಂದ್ಕೊಂಡು ಜನರನ್ನ ಬಿಟ್ರೆ?"

ಬುರ್ಗಿ ವಾಕಿಟಾಕಿಯನ್ನು ಕೆಳಗಿಳಿಸಿದಳು.

ಒಟ್ಮಾರ್ ಎದ್ದು ಬಟ್ಟೆ ಕೊಡವಿಕೊಂಡ. ಸ್ಕೀಗಳನ್ನು ಹೆಗಲ ಮೇಲೆ ಹೊತ್ತು ಲಿಫ್ಟಿನ ಕಂಬಗಳ ಸಾಲಿನ ಕೆಳಗಿನ ಯಾರೂ ತುಳಿಯದ ಹಿಮದಲ್ಲಿ ನಡೆದೇ ಇಳಿಯತೊಡಗಿದ. ಹೆಜ್ಜೆ ಹೆಜ್ಜೆಗೂ ತೊಡೆಯವರೆಗೆ ಹೂತು ಕಾಲು ಕಿತ್ತು ಇಡುತ್ತಿದ್ದ.

"ಲೋ, ಸ್ಕೀ ಹಾಕ್ಕೊಳ್ಳೋ!" ಸೆರಾಫಿನ್ ಕೂಗಿದ. "ನೋಡಿದವರು ನಗ್ತಾರೆ ಕಣೋ, ಒಟ್ಮಾರ್!" ಕೊನೆಯಲ್ಲಿ ಅವನ ದನಿ ಒಡೆಯಿತು.

ಒಟ್ಮಾರ್ ತಿರುಗಿ ನೋಡಲಿಲ್ಲ. ಅವನು ಮರಗಳ ಹಿಂದೆ ಮರೆಯಾಗುವವರೆಗೆ ಕಾದು ಬುರ್ಗಿ ವಾಕಿಟಾಕಿಯ ಗುಂಡಿ ಒತ್ತಿ, "ವಿಂಟರ್‌ಲೈಟೆ ತೆರೀರಿ," ಎಂದಳು. ಆಮೇಲೆ ಸ್ಕೀ ಕಟ್ಟಿಕೊಂಡು ತಾನೇ ಮೊದಲು ಇಳಿದಳು.

ಮರುದಿನ ಬೆಳಿಗ್ಗೆ ಮುನ್ಸೂಚನೆ ಬಂತು, ಒಟ್ಮಾರ್ ಮನೆ ಬಿಟ್ಟು ಬರಲಿಲ್ಲ. ಅದನ್ನು ಗಟ್ಟಿಯಾಗಿ ಓದುವುದು ಅವನ ಕೆಲಸವಾದ್ದರಿಂದ ಬುರ್ಗಿ, ಸೆರಾಫಿನ್ ಇಬ್ಬರೂ ಅದನ್ನು ಮುಟ್ಟದೆ ಬಾಗಿಲ ಕಡೆ ನೋಡುತ್ತ ಕೂತರು. ಲಿಫ್ಟಿನವನು ಬಂದು ಇವತ್ತು ಏನು ತೆರೆಯಲಿ ಎಂದು ಕೇಳಿದ. ಇನ್ನೊಂದು ಸ್ವಲ್ಪ ಹೊತ್ತು ಇರು ಎಂದ ಸೆರಾಫಿನ್. ಲಿಫ್ಟಿನವನು ಎರಡನೇ ಸಲ ಬಂದು ಕೇಳಿದಾಗ ಬುರ್ಗಿ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು ಓದಲು ಶುರುಮಾಡಿದಳು.